ಅವಳು ಸುಳ್ಳು ಹೇಳಲಿಲ್ಲ

ಮುಗಿಲಿನಲ್ಲಿ ಏನಾದರೂ ಹೊಸದು ಕಂಡರೆ ಅದನ್ನು ಮೊದಲು ನೋಡುವವರು ಹೆಂಗಸರು. ಇದು ಹೆಮ್ಮೆಯ ಮಾತಲ್ಲ, ದುಡಿಮೆಯ ಮಾತು. ಊರೆಲ್ಲ ಇನ್ನೂ ಹೊದ್ದು ಮಲಗಿರುವಾಗ ಬಾಗಿಲು ತೆಗೆದು, ಕಸ ಹೊಡೆದು, ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿಗೆ ಬಗ್ಗಿ ಏಳುವವಳ ಕಣ್ಣಿಗೆ ತಾನೇ ಅದು ಮೊದಲು ಬೀಳಬೇಕು? ಆದರೆ ಕಂಡದ್ದು ಏನು ಎಂದು ತೀರ್ಪು ಕೊಡುವವರು ಮಾತ್ರ ತಡವಾಗಿ ಎದ್ದು, ಚಹಾ ಕುಡಿದು, ಕಟ್ಟೆಗೆ ಬಂದು ಕೂರುವವರು. ಈ ಲೆಕ್ಕದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಆ ಸಿಟ್ಟು ಶುರುವಾದದ್ದು ಒಂದು ಪುಗ್ಗದಿಂದ. ಪುಗ್ಗ ಎಂದರೆ ನಮ್ಮ ಕಡೆ ಬಲೂನು.

ನಾನು ಸೊಸೆಯಾಗಿ ಬಂದ ಮನೆ ಬೀದರ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿದೆ. 1990ರ ದಶಕದ ಮೊದಲ ವರ್ಷಗಳವು. ಚಳಿಗಾಲ. ನನ್ನ ನೆಗೆಣ್ಣಿ ಐದು ತಿಂಗಳ ಬಸುರಿ. ಒಂದು ಬೆಳಗಿನ ಜಾವ ಆಕೆ ಅಂಗಳದಿಂದ ಕೂಗಿದಳು: “ಅಕ್ಕಾ, ಲಗೂನ ಹೊರಗ ಬರ್ರಿ. ಮುಗಿಲಾಗ ಏನೋ ನಿಂತದ.”

ನಾನು ಒಲೆ ಬಿಟ್ಟು ಹೊರಗೆ ಓಡಿದೆ. ಮೂಡಣದ ಕಡೆ, ನೆತ್ತಿಗಿಂತ ಸ್ವಲ್ಪ ಕೆಳಗೆ, ಒಂದು ಬೆಳಕು. ನಕ್ಷತ್ರದ ಹಾಗೆ ಮಿನುಗುತ್ತಿರಲಿಲ್ಲ, ವಿಮಾನದ ಹಾಗೆ ಓಡುತ್ತಲೂ ಇರಲಿಲ್ಲ. ಮೊದಲು ಕೆಂಪಗಿತ್ತು, ನೋಡುನೋಡುತ್ತ ಬೆಳ್ಳಗಾಯಿತು. ಸುತ್ತಲಿನ ಚುಕ್ಕಿಗಳೆಲ್ಲ ಆರಿದರೂ ಅದು ಆರಲಿಲ್ಲ. “ಎಷ್ಟು ದೊಡ್ಡದದ?” ಎಂದು ನಾನು ಕೇಳಿದಾಗ ಆಕೆ ಕೈ ಚಾಚಿ ಎರಡು ಬೆರಳು ಕೂಡಿಸಿ, “ಸಾಸಿವಿ ಕಾಳಿನಷ್ಟು” ಎಂದಳು. ಆ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಚೆನ್ನಾಗಿ ಬೆಳಕಾದ ಮೇಲೆ ಅದು ತೆಳ್ಳಗಾಗಿ ಕಣ್ಣಿಗೆ ಸಿಗದೆ ಹೋಯಿತು. ಮರುದಿನ ಕಾದು ನೋಡಿದೆವು, ಬರಲಿಲ್ಲ.

ಅಷ್ಟರೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಕಾಲೇಜು ಓದುವ ಹುಡುಗರು ಹಾರುವ ತಟ್ಟೆ ಎಂದರು. ಹಿರಿಯರು ಉತ್ಪಾತ ಎಂದರು. ಇಬ್ಬರಿಗೂ ಅಪಾಯದ ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ನಮ್ಮ ಅತ್ತೆ ಹೊಸಿಲಿನಲ್ಲಿ ನಿಂತು ನೆಗೆಣ್ಣಿಯನ್ನು ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ: “ಎರಡು ಜೀವದಾಕಿ, ಅದನ್ಯಾಕ ನೋಡ್ಲಾಕ ಹೋದಿ?” ಮುಗಿಲಲ್ಲಿದ್ದ ವಸ್ತುವಿನ ಮೇಲೆ ಯಾರಿಗೂ ತಕರಾರಿರಲಿಲ್ಲ. ಅದನ್ನು ನೋಡಿದವಳು ತಪ್ಪಿತಸ್ಥೆಯಾದಳು. ಅತ್ತೆಯನ್ನು ನಾನು ದೂರಲಾರೆ, ಅವರಿಗೆ ಹೊಟ್ಟೆಯಲ್ಲಿದ್ದ ಕೂಸಿನ ಚಿಂತೆ. ಆ ಚಿಂತೆಯ ವಾಸನೆ ಹಿಡಿದು ಬಂದವನ ಮೇಲೆ ನನ್ನ ಸಿಟ್ಟು. ಪಂಚಾಂಗ ಹಿಡಿದು ಬಂದ ಒಬ್ಬರು ಶಾಂತಿ ಮಾಡಿಸಲೇಬೇಕೆಂದರು. ಖರ್ಚು ಒಂದೂವರೆ ಸಾವಿರ. ಮನೆಯಲ್ಲಿ ಅಷ್ಟು ನಗದು ಇರಲಿಲ್ಲ. ನೆಗೆಣ್ಣಿಯ ತವರಿನ ಬೆಂಡೋಲೆ ಒತ್ತೆಗೆ ಹೋಯಿತು. ಹೆರಿಗೆಯಾಗುವವರೆಗೆ ಬೆಳಗಿನ ಜಾವ ಆಕೆ ಹೊರಗೆ ಕಾಲಿಡಬಾರದು ಎಂದೂ ತೀರ್ಮಾನವಾಯಿತು.

ಶಾಂತಿಯಾಗಿ ಹದಿನೈದು ದಿನಕ್ಕೆ ನಾನು ಅಡುಗೆಮನೆಯ ಮಾಡ ಸ್ವಚ್ಛ ಮಾಡುತ್ತಿದ್ದೆ. ಡಬ್ಬಿಗಳ ಕೆಳಗೆ ಹಾಸಿದ ಹಳೆಯ ಪೇಪರಿನಲ್ಲಿ ಒಂದು ಸಣ್ಣ ಪ್ರಕಟಣೆ. ಹೈದರಾಬಾದಿನಿಂದ ವಿಜ್ಞಾನಿಗಳು ದೊಡ್ಡ ಬಲೂನುಗಳನ್ನು ಹಾರಿಸಲಿದ್ದಾರೆ. ಅವುಗಳಿಗೆ ಕಟ್ಟಿದ ಉಪಕರಣಗಳು ಪ್ಯಾರಾಚೂಟಿನಲ್ಲಿ ದೂರದ ಜಿಲ್ಲೆಗಳಲ್ಲಿ ಇಳಿಯಬಹುದು. ಸಿಕ್ಕವರು ಮುಟ್ಟದೆ, ಬಿಚ್ಚದೆ, ಹತ್ತಿರದ ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಬೇಕು. ಇದು ಅದರ ಸಾರ. ಎಣ್ಣೆ ಡಬ್ಬಿಯ ಕಲೆ ಅರ್ಧ ಪ್ರಕಟಣೆಯನ್ನು ನುಂಗಿತ್ತು. ಉಳಿದರ್ಧ ನನಗೆ ಸಾಕಾಗಿತ್ತು.

ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ ಎಂದು ಆಮೇಲೆ ತಿಳಿದುಕೊಂಡೆ. 1969ರಲ್ಲಿ ನೆಲೆಯೂರಿದ ಕೇಂದ್ರ ಅದು. ಅಲ್ಲಿ ಜಲಜನಕ ತುಂಬಿ ಬಿಡುವ ಬಲೂನು ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಪುಗ್ಗವಲ್ಲ. ಮೇಲೆ ಹೋಗಿ ಪೂರ್ತಿ ಉಬ್ಬಿದಾಗ ಅಡ್ಡಳತೆ 50ರಿಂದ 85 ಮೀಟರ್. ನಮ್ಮ ಓಣಿಯೇ ಅದರೊಳಗೆ ಹಿಡಿಸೀತು. ಮೈ ಮಾತ್ರ ಅಂಗಡಿಯ ಪ್ಲಾಸ್ಟಿಕ್ ಚೀಲದಷ್ಟು ತೆಳು. 30ರಿಂದ 42 ಕಿಲೋಮೀಟರ್ ಎತ್ತರಕ್ಕೆ, ಅಂದರೆ ನಾವು ಕೂತು ಹೋಗುವ ವಿಮಾನಕ್ಕಿಂತ ಮೂರು ನಾಲ್ಕು ಪಟ್ಟು ಮೇಲೆ ಹೋಗಿ, ಗಾಳಿ ಕರೆದತ್ತ ತೇಲುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಹೆಚ್ಚಾಗಿ ಚಳಿಗಾಲ ಬೇಸಿಗೆಯಲ್ಲಿ, ರಾತ್ರಿಯಿಂದ ಬೆಳಗಿನೊಳಗೆ ಬಿಡುತ್ತಾರೆ. ಹೈದರಾಬಾದಿನಿಂದ ನಮ್ಮ ಬೀದರ, ಕಲಬುರಗಿ ದೂರವೇನಲ್ಲ. ಗಾಳಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಪೇಪರಿನ ಚೂರು ಹಿಡಿದು ಎಲ್ಲರಿಗೂ ತೋರಿಸಿದೆ. “ಎರಡಕ್ಷರ ಕಲಿತಾಕಿ” ಎಂಬ ಬಿರುದು ಸಿಕ್ಕಿತು. ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಬೇರೆಯದು. ನಮ್ಮ ಮನೆಯವರ ಗೆಳೆಯರೊಬ್ಬರು ಪಟ್ಟಣದಲ್ಲಿ ವಿಜ್ಞಾನ ಕಲಿಸುವವರು. ಅವರಾದರೂ ನಮ್ಮ ಪರ ನಿಲ್ಲುತ್ತಾರೆಂದುಕೊಂಡೆ. ಅವರು ಪ್ರಕಟಣೆ ಓದಿ ಹೊಟ್ಟೆ ಹಿಡಿದು ನಕ್ಕರು. “ಹೆಂಗಸರಿಗೆ ಪುಗ್ಗಾ ಕಂಡ್ರೂ ದೆವ್ವ ಕಂಡಂಗೇ” ಎಂದರು. ಗಂಡಸರೆಲ್ಲ ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನೆಗೆಣ್ಣಿಯ ಕೈ ಒಂದು ಗಳಿಗೆ ನಿಂತದ್ದು ನನಗೆ ಕೇಳಿಸಿತು.

ಅವತ್ತಿನಿಂದ ನನ್ನ ಜಗಳ ಇಬ್ಬರ ಮೇಲೆ. ಹೆದರಿಸಿ ಹಣ ಮಾಡುವವನ ಮೇಲೆ ಒಂದು, ಅದು ಬರೀ ಬಲೂನು ಎಂದು ನಕ್ಕು ಎದ್ದು ಹೋಗುವವನ ಮೇಲೆ ಇನ್ನೊಂದು. ಮೊದಲನೆಯವನು ಅವಳ ಬೆಂಡೋಲೆ ಕಿತ್ತುಕೊಂಡ. ಎರಡನೆಯವನು ಅವಳ ಕಣ್ಣಿನ ಮಾನ ಕಿತ್ತುಕೊಂಡ.

ಯಾಕೆಂದರೆ ಅವಳು ತಪ್ಪೇನು ನೋಡಿದಳು, ನೀವೇ ಹೇಳಿ. ದೆವ್ವ ಎಂದಳೇ? ತಟ್ಟೆ ಎಂದಳೇ? ಏನೋ ನಿಂತದ ಎಂದಳು. ನಿಂತದ್ದು ನಿಜ; ಅಷ್ಟು ಎತ್ತರದ ತೇಲುವ ವಸ್ತು ನೆಲದಿಂದ ನೋಡಿದರೆ ನಿಂತಂತೆಯೇ ಕಾಣುತ್ತದೆ. ಮಿನುಗುವುದಿಲ್ಲ ಎಂದಳು. ನಿಜ, ನಕ್ಷತ್ರ ಮಿನುಗುವುದು ಅದು ಬರೀ ಚುಕ್ಕಿಯಾದ್ದರಿಂದ, ಕಣ್ಣಿಗೆ ಅಗಲವಿರುವ ವಸ್ತು ಹಾಗೆ ಮಿನುಗುವುದಿಲ್ಲ. ಕೆಂಪಗಿದ್ದದ್ದು ಬೆಳ್ಳಗಾಯಿತು ಎಂದಳು. ಅದೂ ನಿಜ. 35 ಕಿಲೋಮೀಟರ್ ಮೇಲಿರುವ ವಸ್ತುವಿಗೆ ನಮಗಿಂತ ಸುಮಾರು 25 ನಿಮಿಷ ಮೊದಲೇ ಸೂರ್ಯ ಹುಟ್ಟುತ್ತಾನೆ. ನಮ್ಮ ಅಂಗಳ ಕತ್ತಲಲ್ಲಿರುವಾಗ ಅದರ ಮೈಮೇಲೆ ಆಗಲೇ ಎಳೆಬಿಸಿಲು. ನಮ್ಮ ಕೆಂಪು ಸೂರ್ಯ ಹೇಗೆ ಬೆಳ್ಳಗಾಗುತ್ತಾನೋ ಹಾಗೆಯೇ ಅದೂ. ಶುಕ್ರನನ್ನು ನೋಡಿ ಮೋಸಹೋಗುವವರಿದ್ದಾರೆ, ಆದರೆ ಶುಕ್ರ ಮರುದಿನವೂ ಅದೇ ಹೊತ್ತಿಗೆ ಬರುತ್ತಾನೆ. ಇದು ಬರಲಿಲ್ಲ ಎಂಬುದನ್ನೂ ಅವಳೇ ಗಮನಿಸಿದ್ದಳು.

ಇನ್ನು ಸಾಸಿವೆ ಕಾಳು. ಮುಂದೊಂದು ದಿನ ಕಾಗದದ ಮೇಲೆ ಲೆಕ್ಕ ಮಾಡಿದೆ. 80 ಮೀಟರ್ ಅಗಲದ ಗೋಲ 35 ಕಿಲೋಮೀಟರ್ ದೂರದಲ್ಲಿದ್ದರೆ, ಚಾಚಿದ ಕೈಯಲ್ಲಿ ಹಿಡಿದ ಎಷ್ಟು ದೊಡ್ಡ ವಸ್ತುವಿಗೆ ಸಮ? ಒಂದೂವರೆ ಮಿಲಿಮೀಟರ್. ಸಾಸಿವೆ ಕಾಳು! ಅಳತೆಪಟ್ಟಿ ಹಿಡಿಯದ ಹೆಂಗಸು, ಒಗ್ಗರಣೆಯ ಅಳತೆಯಲ್ಲಿ, ಸರಿಯಾದ ಉತ್ತರ ಹೇಳಿದ್ದಳು. ನಕ್ಕವರಿಗೆ ಆ ಸಾಕ್ಷ್ಯದ ಬೆಲೆ ಗೊತ್ತಾಗಲಿಲ್ಲ.

ತಪ್ಪುವುದು ಕಣ್ಣಲ್ಲ, ಊಹೆ. ಎಷ್ಟು ದೂರದಲ್ಲಿದೆ ಎಂದು ಗೊತ್ತಿಲ್ಲದ ವಸ್ತುವಿನ ಗಾತ್ರವನ್ನು ಯಾವ ಕಣ್ಣೂ ಹೇಳಲಾರದು. ಗಾತ್ರ ಗೊತ್ತಿಲ್ಲದೆ ವೇಗ ಹೇಳಲಾಗದು. ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ಅದು ಅಲ್ಲಾಡಿದ ಹಾಗೆ ಕಾಣುವುದೂ ಎಲ್ಲರ ಕಣ್ಣಿನ ಸ್ವಭಾವ. ಇದರಲ್ಲಿ ಹೆಣ್ಣು ಗಂಡು, ಓದಿದವರು ಓದದವರು ಎಂಬ ಭೇದವಿಲ್ಲ. ಬೇಕಾದರೆ ಓದಿದವರ ಕಥೆ ಕೇಳಿ.

1948ರ ಜನವರಿ 7. ಅಮೆರಿಕದ ಕೆಂಟಕಿ ರಾಜ್ಯ. ಮುಗಿಲಿನಲ್ಲಿ ಹೊಳೆಯುವ ದೊಡ್ಡ ವಸ್ತುವೊಂದನ್ನು ಸೈನ್ಯದ ವಿಮಾನ ನಿಲ್ದಾಣದವರೇ ಕಂಡರು. ಅನುಭವಿ ಪೈಲಟ್ ಥಾಮಸ್ ಮ್ಯಾಂಟೆಲ್ ಅದನ್ನು ಬೆನ್ನಟ್ಟಿ ಹೋದ. ವಯಸ್ಸು 25. ವಿಮಾನದಲ್ಲಿ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಹತ್ತಿರವಿದೆ, ಇನ್ನೇನು ಸಿಕ್ಕಿತು ಎಂದು ಏರುತ್ತ ಏರುತ್ತ ಹೋದವನು ಬಿದ್ದು ಸತ್ತ. ಅದು ಶುಕ್ರಗ್ರಹ ಎಂದು ವಾಯುಪಡೆ ಮೊದಲು ಹೇಳಿತು. ಆಮೇಲೆ ತಜ್ಞರು ಒಪ್ಪಿದ ವಿವರಣೆ ಬೇರೆ: ನೌಕಾಪಡೆ ಗುಟ್ಟಾಗಿ ಹಾರಿಸುತ್ತಿದ್ದ ಸ್ಕೈಹುಕ್ ಎಂಬ ಭಾರಿ ಪ್ಲಾಸ್ಟಿಕ್ ಬಲೂನು ಅದಾಗಿತ್ತು. ಅಂಥ ಬಲೂನು ಇದೆಯೆಂದೇ ಆ ಹುಡುಗನಿಗೆ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯ ಮಾಡದಲ್ಲಿ ಸಿಕ್ಕಂಥ ಒಂದು ಪ್ರಕಟಣೆ ಅವನ ಕೈಗೆ ಸಿಕ್ಕಿದ್ದರೆ ಬದುಕುತ್ತಿದ್ದನೋ ಏನೋ.

ಅದಕ್ಕೂ ಆರು ತಿಂಗಳ ಹಿಂದಿನದು ಜಗತ್ತಿಗೆಲ್ಲ ಗೊತ್ತಿರುವ ರೋಸ್‌ವೆಲ್ ಪ್ರಕರಣ. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ಪೈಲಟ್ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವ ಹಾಗೆ ಹೋದವು ಎಂದು ಚಲನೆಯನ್ನು ಹೇಳಿದ. ಪತ್ರಿಕೆಗಳು ಹಾರುವ ತಟ್ಟೆ ಎಂದು ಹೆಸರಿಟ್ಟವು. ಅಷ್ಟೇ ಸಾಕಾಯಿತು, ಎಲ್ಲರಿಗೂ ತಟ್ಟೆ ಕಾಣತೊಡಗಿತು. ಅದೇ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋದಲ್ಲಿ ದನಕುರಿ ಸಾಕುವ ಒಬ್ಬನ ಹುಲ್ಲುಗಾವಲಿನಲ್ಲಿ ರಬ್ಬರ್ ಪಟ್ಟಿ, ಬೇಗಡೆ, ಗಟ್ಟಿ ಕಾಗದ, ಕಡ್ಡಿ ಬಿದ್ದಿದ್ದವು. ಜುಲೈ 4ರಂದು ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಆರಿಸಿ ತಂದ. ಎಲ್ಲ ಸೇರಿ ಎರಡು, ಎರಡೂವರೆ ಕಿಲೋ ತೂಗೀತೆಂದು ಅವನೇ ಪತ್ರಿಕೆಗೆ ಹೇಳಿದ. ಅಂಟುಪಟ್ಟಿಯ ಮೇಲೆ ಹೂವಿನ ಚಿತ್ತಾರವಿತ್ತು ಎಂದೂ ಹೇಳಿದ. ಜುಲೈ 8ರಂದು ಸೈನ್ಯವೇ ಹಾರುವ ತಟ್ಟೆ ಸಿಕ್ಕಿದೆ ಎಂದು ಪ್ರಕಟಿಸಿತು. ಕೆಲವೇ ಗಂಟೆಗಳಲ್ಲಿ ಮಾತು ಬದಲಿಸಿ ಹವಾಮಾನದ ಬಲೂನು ಎಂದಿತು.

ಎರಡೂ ಪೂರ್ತಿ ನಿಜವಲ್ಲ. ವಾಯುಪಡೆ 1994ರಲ್ಲಿ ಒಪ್ಪಿಕೊಂಡಿತು: ಅದು ಮೊಗಲ್ ಎಂಬ ಗುಪ್ತ ಯೋಜನೆಯ ಬಲೂನು ಸರ. ರಷ್ಯಾ ಅಣುಬಾಂಬು ಸಿಡಿಸಿದರೆ ಅದರ ಸದ್ದನ್ನು ಆಕಾಶದಲ್ಲೇ ಹಿಡಿಯಬೇಕೆಂದು ಬಲೂನುಗಳನ್ನು ಉದ್ದಕ್ಕೆ ಪೋಣಿಸಿ, ಸದ್ದು ಕೇಳುವ ಯಂತ್ರ ಕಟ್ಟಿ ಬಿಡುತ್ತಿದ್ದರು. ರೇಡಾರಿಗೆ ಕಾಣಲೆಂದು ಕಟ್ಟಿದ ಬೇಗಡೆ ಪಟಗಳನ್ನು ಆಟಿಗೆ ಸಾಮಾನು ಮಾಡುವ ಕಂಪನಿಯಲ್ಲಿ ಮಾಡಿಸಿದ್ದರು. ಹೂವಿನ ಪಟ್ಟಿ ಅಲ್ಲಿಂದ ಬಂದದ್ದು! ಈ ಹೂವಿನ ಗುರುತುಗಳನ್ನೇ ಮುಂದೆ ಅನ್ಯಗ್ರಹದ ಲಿಪಿ ಎಂದು ಪುಸ್ತಕ ಬರೆದು ಮಾರಿದವರಿದ್ದಾರೆ. 47 ವರ್ಷ ಸತ್ಯವನ್ನು ಮುಚ್ಚಿಟ್ಟರೆ ಅಲ್ಲಿ ಸುಳ್ಳು ಮೊಟ್ಟೆಯಿಡದೆ ಇರುತ್ತದೆಯೇ? ರೋಸ್‌ವೆಲ್ಲಿನ ಭೂತ ಹುಟ್ಟಿದ್ದು ಹಳ್ಳಿಯವರ ಮೌಢ್ಯದಿಂದಲ್ಲ, ಕಚೇರಿಯ ಬಾಯಿಮುಚ್ಚುವಿಕೆಯಿಂದ. ಜನ ಸರಳವಾಗಿ ಕೇಳಿದಾಗ ಸರಳವಾಗಿ ಹೇಳಬೇಕಾದವರು ಹೇಳಲಿಲ್ಲ. ನಮ್ಮ ಹೈದರಾಬಾದಿನವರು ಕನಿಷ್ಠ ಪತ್ರಿಕೆಯಲ್ಲಿ ಹಾಕಿದರು. ಆದರೆ ಪೇಪರಿನ ಮೂಲೆಯ ನಾಲ್ಕು ಸಾಲು ಅಂಗಳಕ್ಕೆ ತಲುಪಿತೇ ಎಂದು ಯಾರು ನೋಡುತ್ತಾರೆ?

“ಹೆಂಗಸರಿಗೇನು ಗೊತ್ತು ಬಲೂನು” ಎನ್ನುವವರಿಗೆ ಇನ್ನೊಂದು ಮಾತು. 1949ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ವೇರಾ ವಿಂಜೆನ್ ಎಂಬಾಕೆ ಗಂಡನೊಂದಿಗೆ ಸೇರಿ ಬಲೂನು ಕಾರ್ಖಾನೆ ಕಟ್ಟಿದಳು. ಬಲೂನು ತಯಾರಿಕೆಯ ಹೊಣೆ ಆಕೆಯದು. ಉದ್ದನೆಯ ಮೇಜುಗಳ ಮೇಲೆ ತೆಳು ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಹಾಸಿ, ಒಂದಕ್ಕೊಂದು ಬೆಸೆಯುತ್ತಿದ್ದವರು ಆಕೆ ತರಬೇತಿ ಕೊಟ್ಟ ಹೆಣ್ಣುಮಕ್ಕಳು. ಬಲೂನು ಕಟ್ಟುವ ವಿಧಾನಗಳಿಗೆ ಆಕೆಯ ಹೆಸರಿನಲ್ಲಿ ಪೇಟೆಂಟ್‌ಗಳಿವೆ. ಆ ಕಾರ್ಖಾನೆಯ ಬಲೂನಿಗೆ ಕಟ್ಟಿದ ಸಣ್ಣ ಕೋಶದಲ್ಲಿ ಕೂತು 1957ರ ಆಗಸ್ಟಿನಲ್ಲಿ ಡೇವಿಡ್ ಸೈಮನ್ಸ್ ಎಂಬ ವೈದ್ಯ 30 ಕಿಲೋಮೀಟರಿಗೂ ಮೇಲೆ ಹೋಗಿ ಜೀವಂತ ಇಳಿದು ಬಂದ. ಒಂದು ಬೆಸುಗೆ ಬಿಟ್ಟಿದ್ದರೆ ಅವನ ಗತಿ? ಮುಗಿಲಲ್ಲಿ ಕಂಡು ಊರಿನವರನ್ನು ಹೆದರಿಸಿದ ಎಷ್ಟೋ ಬಲೂನುಗಳನ್ನು ಹೆಂಗಸರ ಕೈಗಳೇ ಬೆಸೆದಿದ್ದವು. ಮಾಡಿದವಳೂ ಹೆಂಗಸು, ಕಂಡವಳೂ ಹೆಂಗಸು. ನಗಲಿಕ್ಕೆ ಮಾತ್ರ ಗಂಡಸರು.

ಈಗ ನೀವು ಕೇಳುತ್ತೀರಿ: ಕಂಡದ್ದೆಲ್ಲ ಬಲೂನೇ ಏನು? ಅಲ್ಲ. ಶುಕ್ರನಿದ್ದಾನೆ, ಉಪಗ್ರಹಗಳಿವೆ, ಉಲ್ಕೆ, ವಿಮಾನ, ಹಬ್ಬದಲ್ಲಿ ದೀಪ ಹಚ್ಚಿ ಹಾರಿಬಿಡುವ ಕಾಗದದ ಬುಟ್ಟಿಗಳಿವೆ. ಅಮೆರಿಕದ ವಾಯುಪಡೆ 1969ರವರೆಗೆ ಪರಿಶೀಲಿಸಿದ ಪ್ರಕರಣಗಳು 12,618. ಅದರಲ್ಲಿ ಗುರುತು ಹತ್ತದೆ ಉಳಿದವು 701. ಈ 701ನ್ನು ಹಿಡಿದು ಕುಣಿಯುವವರಿದ್ದಾರೆ. ಆದರೆ ಗುರುತು ಹತ್ತಲಿಲ್ಲ ಎಂದರೆ ಗುರುತು ಹತ್ತಲಿಲ್ಲ ಎಂದಷ್ಟೇ ಅರ್ಥ. ಮನೆಯಲ್ಲಿ ಒಂದು ಲೋಟ ಕಳೆದರೆ, ಸಿಗಲಿಲ್ಲವೆಂದ ಮಾತ್ರಕ್ಕೆ ಯಕ್ಷ ಬಂದು ಒಯ್ದ ಎನ್ನುತ್ತೇವೆಯೇ? 2024ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ ಹಳೆಯ ಕಡತಗಳನ್ನೆಲ್ಲ ತಿರುವಿ ಹಾಕಿ, ಅನ್ಯಗ್ರಹದ ಯಂತ್ರಕ್ಕೆ ಯಾವ ಪುರಾವೆಯೂ ಸಿಗಲಿಲ್ಲ ಎಂದು ವರದಿ ಕೊಟ್ಟಿತು.

ಹೀಗೆ ವಿವರಿಸಿಬಿಟ್ಟರೆ ಮುಗಿಲಿನ ಸೊಗಸೇ ಹೋಗುವುದಿಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದ್ದಳು. ನನಗೆ ಹಾಗನ್ನಿಸುವುದಿಲ್ಲ. 2005ರ ಏಪ್ರಿಲ್‌ನಲ್ಲಿ ಅದೇ ಹೈದರಾಬಾದಿನಿಂದ ಹಾರಿದ ಬಲೂನು 459 ಕಿಲೋ ಉಪಕರಣ ಹೊತ್ತು, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದಿತು. ಆ ಗಾಳಿಯಲ್ಲಿ ಬ್ಯಾಕ್ಟೀರಿಯಾಗಳ ಮೂರು ಹೊಸ ಪ್ರಭೇದಗಳು ಸಿಕ್ಕಿದವೆಂದು 2009ರಲ್ಲಿ ಇಸ್ರೋ ಪ್ರಕಟಿಸಿತು. ಮೇಲಿನಿಂದ ಜೀವಿ ಇಳಿದು ಬರುತ್ತದೆಂದು ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು. ಅತ್ತ ಪುಗ್ಗವೇ ಮೇಲೆ ಹೋಗಿ ಜೀವಿಯನ್ನು ಹುಡುಕಿ ತಂದಿತ್ತು. ಇದಕ್ಕಿಂತ ಸೊಗಸು ಯಾವ ತಟ್ಟೆಯಲ್ಲಿದೆ?

ಕಾಲ ಬದಲಾಗಿದೆ, ಈಗ ಯಾರು ಹೆದರುತ್ತಾರೆ ಎನ್ನಬೇಡಿ. 2022ರ ಡಿಸೆಂಬರ್ 7ರಂದು ನಮ್ಮ ಗಡಿಗೆ ಅಂಟಿಕೊಂಡ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲ ಗ್ರಾಮದ ಹೊಲದಲ್ಲಿ ದೊಡ್ಡ ಗೋಲಾಕಾರದ ಕೋಶವೊಂದು ಇಳಿಯಿತು. ಜನ ಮುಗಿಬಿದ್ದರು. ಸ್ಪೇನ್ ದೇಶದ ಕಂಪನಿಯೊಂದು ಮುಂದೆ ಪ್ರವಾಸಿಗರನ್ನು ಬಲೂನಿನಲ್ಲಿ ಮೇಲೆ ಒಯ್ಯಬೇಕೆಂದು ಹೈದರಾಬಾದಿನ ಕೇಂದ್ರದಿಂದ ಮಾಡಿದ ಪರೀಕ್ಷೆ ಅದು. ಒಳಗೆ ಯಾರೂ ಇರಲಿಲ್ಲ. ಹೆದರಿಕೆ ಹಳ್ಳಿಗೆ ಮಾತ್ರ ಎಂದೂ ಅನ್ನಬೇಡಿ. 2023ರ ಫೆಬ್ರವರಿಯಲ್ಲಿ ಚೀನಾದ ಬಲೂನನ್ನು ಹೊಡೆದುರುಳಿಸಿದ ಅಮೆರಿಕ, ಅದೇ ಭರದಲ್ಲಿ ಮೂರೇ ದಿನದಲ್ಲಿ ಇನ್ನೂ ಮೂರು ವಸ್ತುಗಳನ್ನು ಕ್ಷಿಪಣಿಯಿಂದ ಹೊಡೆಯಿತು. ಅವು ಬಹುಶಃ ಯಾವುದೋ ಕಂಪನಿಯವೋ, ಸಂಶೋಧಕರವೋ, ಹವ್ಯಾಸಿಗಳವೋ ಇರಬೇಕೆಂದು ಆಮೇಲೆ ಅಧ್ಯಕ್ಷರೇ ಹೇಳಿದರು. ನಮ್ಮ ಅತ್ತೆ ಒಂದೂವರೆ ಸಾವಿರದಲ್ಲಿ ಶಾಂತಿ ಮುಗಿಸಿದ್ದರು. ಅವರ ಶಾಂತಿಗೆ ಒಂದೊಂದು ಕ್ಷಿಪಣಿಯ ಬೆಲೆಯೇ ಲಕ್ಷಗಟ್ಟಲೆ ಡಾಲರ್.

ಆದ್ದರಿಂದ ನಾನು ಕೇಳುವುದಿಷ್ಟು. ನಿಮ್ಮ ಮನೆಯ ಹುಡುಗಿ ಓಡಿ ಬಂದು ಮುಗಿಲಲ್ಲಿ ಏನೋ ಇದೆ ಎಂದರೆ ಗದರಬೇಡಿ, ನಗಲೂ ಬೇಡಿ. ಹೊರಗೆ ಬನ್ನಿ. ಯಾವ ದಿಕ್ಕು, ಎಷ್ಟು ಹೊತ್ತು, ಮಿನುಗುತ್ತಿದೆಯೇ, ಬಣ್ಣ ಬದಲಾಗುತ್ತಿದೆಯೇ ಎಂದು ಅವಳಿಂದಲೇ ಹೇಳಿಸಿ. ಚಾಚಿದ ಕೈಯ ಕಿರುಬೆರಳಿನಿಂದ ಅಳೆಯಲು ಹೇಳಿ. ಬರೆದಿಡಲು ಹೇಳಿ. ಮರುದಿನವೂ ಬಂತೇ ಎಂದು ಒಟ್ಟಿಗೆ ನೋಡಿ. ಯಾರಾದರೂ ಪರಿಹಾರ ಹೇಳಲು ಬಂದರೆ ಕಾಯಿಲೆ ಯಾವುದೆಂದು ಮೊದಲು ಕೇಳಿ. ಹೊಲದಲ್ಲಿ ಏನಾದರೂ ಬಿದ್ದಿದ್ದರೆ ಮುಟ್ಟದೆ ಠಾಣೆಗೆ ತಿಳಿಸಿ. ಇದಕ್ಕೆ ದುರ್ಬೀನು ಬೇಡ, ಪದವಿ ಬೇಡ.

ನೆಗೆಣ್ಣಿಗೆ ಹೆಣ್ಣು ಕೂಸು ಹುಟ್ಟಿತು, ಆರೋಗ್ಯವಾಗಿಯೇ. ಆದರೂ ಆ ಹುಡುಗಿಗೆ ಜ್ವರ ಬಂದಾಗಲೆಲ್ಲ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗಲೆಲ್ಲ, “ಇವರವ್ವ ಅದನ್ನ ನೋಡಿದ್ಲಲ್ಲ” ಎಂಬ ಮಾತು ಬರುತ್ತಿತ್ತು. ಬೆಂಡೋಲೆ ಮಾತ್ರ ಒತ್ತೆಯಿಂದ ಬರಲೇ ಇಲ್ಲ. ಬಡ್ಡಿ ಬೆಳೆದು ಮುಳುಗಿಹೋಯಿತು.

2022ರ ಆ ಡಿಸೆಂಬರಿನಲ್ಲಿ ಟೀವಿ ನೋಡಿ ನೆಗೆಣ್ಣಿ ನನಗೆ ಫೋನು ಮಾಡಿದಳು. “ಅಕ್ಕಾ, ಪುಗ್ಗಾ ತೋರಸ್ಲಾಕತ್ತಾರ. ಆವತ್ತು ನಾ ನೋಡಿದ್ದೂ ಹಿಂಗೇ ಇತ್ತಲ್ರಿ?” ಹೌದು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಕೇಳಿತು: “ಹಂಗಾರ ನಾ ಸರೀನೇ ಹೇಳಿದ್ದೆ.”

ಸರಿಯಾಗಿಯೇ ಹೇಳಿದ್ದಳು. ಅದನ್ನು ಅವಳಿಗೆ ಹೇಳಲು ನಾವು ಮೂವತ್ತು ವರ್ಷ ತೆಗೆದುಕೊಂಡೆವು.